‘ಯಾವ ಸಾಫ್ಟ್‌ವೇರ್ ಕಲೀಲಿ ಮೇಡಂ?’ ಅನ್ನುವವರಿಗೆ

ತಿಂಗಳಿಗೆ ಇಬ್ಬರು ಮೂವರಾದರೂ ಪಿಜಿ ವಿದ್ಯಾರ್ಥಿಗಳು ಬಂದು ಇದನ್ನೇ ಕೇಳುತ್ತಾರೆ. "ಮೇಡಂ, ಮೆಟಾ ಅನಾಲಿಸಿಸ್ ಮಾಡೋಣ ಅಂತಿದೀನಿ. ಎಲ್ಲಿಂದ ಶುರು ಮಾಡಲಿ, ಯಾವ ಸಾಫ್ಟ್‌ವೇರ್ ಕಲೀಲಿ?" ಒಂದೇ ಪ್ರಶ್ನೆ ಇಟ್ಟುಕೊಂಡು ಬೇರೆ ಬೇರೆ ಕಡೆ ನಡೆದ ಅಧ್ಯಯನಗಳ ಫಲಿತಾಂಶವನ್ನು ಲೆಕ್ಕ ಹಾಕಿ ಒಟ್ಟು ಸೇರಿಸುವುದಕ್ಕೆ ಈ ಹೆಸರು. ಹೆಸರು ಕೊಟ್ಟವರು ಜೀನ್ ಗ್ಲಾಸ್, 1976ರಲ್ಲಿ. ಕೆಲಸ ಅದಕ್ಕಿಂತ ಹಳೆಯದು. 1904ರಲ್ಲೇ ಕಾರ್ಲ್ ಪಿಯರ್ಸನ್ ಅವರು ಭಾರತ ಮತ್ತು ದಕ್ಷಿಣ ಆಫ್ರಿಕಾದಲ್ಲಿದ್ದ ಬ್ರಿಟಿಷ್ ಸೈನಿಕರ ಟೈಫಾಯ್ಡ್ ಲಸಿಕೆಯ ಅಂಕಿಗಳನ್ನು ಹೀಗೆ ಸೇರಿಸಿ ನೋಡಿದ್ದರು.

ನನ್ನ ಉತ್ತರ ಯಾವಾಗಲೂ ಒಂದೇ. ಸಾಫ್ಟ್‌ವೇರ್ ಆಮೇಲೆ ನೋಡೋಣ, ಮೊದಲು ಹಾಳೆ, ಪೆನ್ನು, ಕ್ಯಾಲ್ಕುಲೇಟರ್ ಹಿಡಿದು ಬಿಸಿಜಿ ಲಸಿಕೆಯ ಲೆಕ್ಕ ಮಾಡಿ.

ಬಿಸಿಜಿನೇ ಯಾಕೆ? ಟಿಬಿ ತಡೆಯಲು ಈ ಲಸಿಕೆ ಎಷ್ಟು ಕೆಲಸ ಮಾಡುತ್ತದೆ ಅಂತ ನೋಡಿದ 13 ಪ್ರಯೋಗಗಳನ್ನು 1994ರಲ್ಲಿ ಕೋಲ್ಡಿಟ್ಜ್ ಮತ್ತು ಸಂಗಡಿಗರು ಸೇರಿಸಿದರು. ಅದರಲ್ಲಿ ಎರಡು ನಮ್ಮ ಪಕ್ಕದವೇ. ಒಂದು ಮದ್ರಾಸ್ ಹತ್ತಿರದ ಚೆಂಗಲ್ಪಟ್ಟಿನದು. ಇನ್ನೊಂದು, ಚಿಂತಾಮಣಿ ದಾಟಿ ಗಡಿಯಾಚೆ ಹೋದರೆ ಸಿಗುವ ಮದನಪಲ್ಲಿಯದು.

ಎರಡು ಸಾಲು ತಗೊಳ್ಳಿ. ಕೆನಡಾದ ಸಾಸ್ಕಾಚವಾನ್‌ನಲ್ಲಿ ಲಸಿಕೆ ಹಾಕಿದ 306 ಮಕ್ಕಳಲ್ಲಿ 6 ಮಕ್ಕಳಿಗೆ ಟಿಬಿ ಬಂತು, ಹಾಕದ 303 ಮಕ್ಕಳಲ್ಲಿ 29ಕ್ಕೆ. 6/306 ಅನ್ನು 29/303ರಿಂದ ಭಾಗಿಸಿ ನೋಡಿದರೆ ರಿಸ್ಕ್ ರೇಶಿಯೋ 0.20, ಅಂದರೆ ಕಾಯಿಲೆ ಐದರಲ್ಲಿ ಒಂದು ಪಾಲಿಗೆ ಇಳಿದಿದೆ. ಮದ್ರಾಸ್ ಪ್ರಯೋಗದಲ್ಲಿ ಎರಡೂ ಗುಂಪಿನಲ್ಲಿ ತಲಾ 88,391 ಜನ. ಲಸಿಕೆ ಹಾಕಿದವರಲ್ಲಿ 505 ಜನರಿಗೆ ಟಿಬಿ, ಹಾಕದವರಲ್ಲಿ 499. ರೇಶಿಯೋ 1.01. ಏನೂ ಉಪಯೋಗವಾಗಿಲ್ಲ!

ಈಗ ಇವೆರಡನ್ನು ಸೇರಿಸುವುದು ಹೇಗೆ? ಸುಮ್ನೆ ಕೂಡಿಸಿ ಎರಡರಿಂದ ಭಾಗಿಸಿದರೆ ಆರುನೂರು ಮಕ್ಕಳ ಮಾತಿಗೂ ಒಂದೂಮುಕ್ಕಾಲು ಲಕ್ಷ ಜನರ ಮಾತಿಗೂ ಒಂದೇ ಬೆಲೆ ಕೊಟ್ಟಂತಾಯಿತು, ಅಲ್ವಾ? ಅದಕ್ಕೇ ಪ್ರತಿ ಅಧ್ಯಯನಕ್ಕೂ ಒಂದು ತೂಕ. ರೇಶಿಯೋದ ಲಾಗ್ ತೆಗೆದುಕೊಂಡು ಅದರ ವೇರಿಯನ್ಸ್ (ಆ ಅಂಕಿ ಆಕಸ್ಮಿಕವಾಗಿ ಎಷ್ಟು ಅತ್ತಿತ್ತ ಆಗಬಹುದು ಅನ್ನುವ ಅಳತೆ) ಹಾಕಿ. ಕೆನಡಾದ್ದು 1/6 − 1/306 + 1/29 − 1/303, ಅಂದರೆ 0.195. ಒಂದನ್ನು ಇದರಿಂದ ಭಾಗಿಸಿದರೆ ತೂಕ ಸುಮಾರು 5. ಮದ್ರಾಸ್‌ನದು ಹೀಗೇ ಮಾಡಿದರೆ 252. ಐವತ್ತು ಪಟ್ಟು ಜಾಸ್ತಿ.

ಇಲ್ಲಿವರೆಗೆ ಎಲ್ಲರೂ ಖುಷಿಯಾಗಿ ಬರುತ್ತಾರೆ. ಮುಂದೆ ಒಂದು ನಿರ್ಧಾರ ತಗೋಬೇಕು, ಅದನ್ನು ಯಾವ ಸಾಫ್ಟ್‌ವೇರೂ ನಿಮ್ಮ ಪರವಾಗಿ ತಗೊಳ್ಳುವುದಿಲ್ಲ. ಲಸಿಕೆಯ ನಿಜವಾದ ಪರಿಣಾಮ ಎಲ್ಲ ಊರಲ್ಲೂ ಒಂದೇ, ಕಾಣುವ ವ್ಯತ್ಯಾಸ ಬರೀ ಆಕಸ್ಮಿಕ ಅಂತ ನಂಬಿದರೆ ಅದು ಫಿಕ್ಸೆಡ್ ಎಫೆಕ್ಟ್. ಈ 13ರ ಲಾಗ್‌ಗಳಿಗೂ ಅವುಗಳ ತೂಕ ಹಾಕಿ ಸರಾಸರಿ ತೆಗೆದು, ಮತ್ತೆ ರೇಶಿಯೋಗೆ ತಂದರೆ ಉತ್ತರ 0.65. ಊರಿಂದ ಊರಿಗೆ ಪರಿಣಾಮವೇ ಬೇರೆ ಇರಬಹುದು ಅಂತ ಒಪ್ಪಿಕೊಂಡರೆ ರ‍್ಯಾಂಡಮ್ ಎಫೆಕ್ಟ್ಸ್. ಆಗ ಊರೂರಿನ ನಡುವಿನ ಏರುಪೇರನ್ನೂ, ಇಲ್ಲಿ ಅದು 0.31, ಎಲ್ಲರ ವೇರಿಯನ್ಸ್‌ಗೆ ಸೇರಿಸುತ್ತೇವೆ. ಮದ್ರಾಸ್‌ನ ತೂಕ 252ರಿಂದ 3ರ ಆಸುಪಾಸಿಗೆ ಇಳಿಯುತ್ತದೆ, ಕೆನಡಾದ್ದು 2ರ ಹತ್ತಿರ ನಿಲ್ಲುತ್ತದೆ. ಒಟ್ಟು ಉತ್ತರ 0.49. ಇದನ್ನು ಕೈಯಾರೆ ಲೆಕ್ಕ ಹಾಕಿ ನೋಡಿದ ವಿದ್ಯಾರ್ಥಿ ಮತ್ತೆ ಯಾವತ್ತೂ "ಯಾವ ಬಟನ್ ಒತ್ತಲಿ" ಅಂತ ಕೇಳಿದ್ದು ನಾನು ಕಂಡಿಲ್ಲ.

ಹಾಗಾದರೆ 0.49 ಅಂತ ಬರೆದು ಮುಗಿಸೋಣವಾ? ಬೇಡ. ಈ 13ರಲ್ಲಿ ಕಾಣುವ ಏರುಪೇರಿನ ಶೇಕಡಾ 92ರಷ್ಟು ಬರೀ ಆಕಸ್ಮಿಕದಿಂದ ಬಂದದ್ದಲ್ಲ. ಹೊಸ ಊರೊಂದರಲ್ಲಿ ಈ ಲಸಿಕೆಯ ಪರಿಣಾಮ ಎಷ್ಟಿರಬಹುದು ಅಂತ ಕೇಳಿದರೆ ಇದೇ ಲೆಕ್ಕ 0.15ರಿಂದ 1.55ರವರೆಗೆ ಎಲ್ಲಿ ಬೇಕಾದರೂ ಇರಬಹುದು ಅನ್ನುತ್ತದೆ. ಯಾಕೆ ಹೀಗೆ ಅಂತ ಹುಡುಕುವುದರಲ್ಲೇ ಈ ವಿದ್ಯೆಯ ಜೀವ ಇದೆ ಅಂತ ನನಗನ್ನಿಸುತ್ತದೆ. ಪ್ರಯೋಗ ನಡೆದ ಊರಿನ ಅಕ್ಷಾಂಶ ಬರೆದುಕೊಳ್ಳಿ. ಮದ್ರಾಸ್ 13 ಡಿಗ್ರಿ, ಕೆನಡಾ 55. ಈ ಒಂದೇ ಸಂಗತಿ ಊರುಗಳ ನಡುವಿನ ವ್ಯತ್ಯಾಸದ ಮುಕ್ಕಾಲು ಪಾಲನ್ನು ವಿವರಿಸುತ್ತದೆ. ಬಿಸಿ ದೇಶಗಳ ಮಣ್ಣು, ನೀರಿನಲ್ಲಿರುವ, ಟಿಬಿ ಬ್ಯಾಕ್ಟೀರಿಯಾಕ್ಕೆ ಹತ್ತಿರದ ಸಂಬಂಧಿಗಳಾದ ಬೇರೆ ಬ್ಯಾಕ್ಟೀರಿಯಾ ಜನರಿಗೆ ಮೊದಲೇ ತಗುಲಿರುತ್ತದೆ, ಅದಕ್ಕೇ ಲಸಿಕೆಯ ಪ್ರಯೋಜನ ಕಾಣುವುದಿಲ್ಲ ಅನ್ನುವುದು ಒಂದು ವಾದ. (ಇದನ್ನು ಓದಿ ಬಿಸಿಜಿ ದಂಡ ಅಂತ ದಯವಿಟ್ಟು ಯಾರೂ ತಿಳಿಯಬೇಡಿ. ಎಳೆ ಮಕ್ಕಳನ್ನು ಮೆದುಳಿನ ಟಿಬಿಯಿಂದ ಅದು ಕಾಪಾಡುತ್ತದೆ, ಹುಟ್ಟಿದ ಕೂಡಲೇ ಹಾಕಿಸುವುದು ಅದಕ್ಕೇ.)

ನಾನು ಕಲಿಯುವಾಗ ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ, ನೀವು ಮಾಡಬೇಡಿ. ಒಂದು ಪೇಪರ್‌ನ ಟೇಬಲ್‌ನಲ್ಲಿ ಸರಾಸರಿಯ ಪಕ್ಕ ± ಹಾಕಿ ಒಂದು ಅಂಕಿ ಇತ್ತು. ಸ್ಟ್ಯಾಂಡರ್ಡ್ ಡೀವಿಯೇಶನ್ (ಒಬ್ಬರಿಂದ ಒಬ್ಬರಿಗೆ ಎಷ್ಟು ಏರುಪೇರು ಅನ್ನುವ ಅಳತೆ) ಅಂತ ಬರೆದುಕೊಂಡೆ. ಅದು ಸ್ಟ್ಯಾಂಡರ್ಡ್ ಎರರ್ (ಸರಾಸರಿಯೇ ಎಷ್ಟು ಅತ್ತಿತ್ತ ಆಗಬಹುದು ಅನ್ನುವ ಅಳತೆ) ಆಗಿತ್ತು. ನೂರು ಜನರ ಅಧ್ಯಯನದಲ್ಲಿ ಎರಡನೆಯದು ಮೊದಲನೆಯದರ ಹತ್ತರಲ್ಲೊಂದು ಭಾಗ, ಹಾಗಾಗಿ ಆ ಅಧ್ಯಯನದ ತೂಕ ನೂರು ಪಟ್ಟು ಏರಿ ಉಳಿದವನ್ನೆಲ್ಲ ನುಂಗಿಬಿಟ್ಟಿತು. ಪ್ರತಿ ಅಧ್ಯಯನವನ್ನೂ ಅದರ ತೂಕಕ್ಕೆ ತಕ್ಕ ಚೌಕವಾಗಿ ತೋರಿಸುವ ಫಾರೆಸ್ಟ್ ಪ್ಲಾಟ್ ಅನ್ನುವ ಚಿತ್ರದಲ್ಲಿ ಒಂದು ಚೌಕ ಮಾತ್ರ ಅಷ್ಟು ದೊಡ್ಡದಾಗಿ ಕಂಡಿದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ಹಾಗೇ ಕಳಿಸಿರುತ್ತಿದ್ದೆ.

ಅಚ್ಚಾಗದೆ ಉಳಿದ ಅಧ್ಯಯನಗಳ ತೊಂದರೆ ಬೇರೆ. ಪ್ರಯೋಜನ ಕಾಣದ ಸಣ್ಣ ಪ್ರಯೋಗಗಳು ಎಷ್ಟೋ ಸಲ ಅಚ್ಚಾಗುವುದೇ ಇಲ್ಲ, ಹಾಗಾಗಿ ನಮ್ಮ ಲೆಕ್ಕಕ್ಕೆ ಚೆನ್ನಾಗಿ ಬಂದವೇ ಹೆಚ್ಚು ಸಿಗುತ್ತವೆ. ಹೃದಯಾಘಾತಕ್ಕೆ ಮೆಗ್ನೀಶಿಯಂ ಕೊಟ್ಟರೆ ಜೀವ ಉಳಿಯುತ್ತದೆ ಅಂತ ಸಣ್ಣ ಸಣ್ಣ ಪ್ರಯೋಗಗಳನ್ನು ಸೇರಿಸಿ 1991ರಲ್ಲಿ ಹೇಳಿದ್ದರು. 1995ರಲ್ಲಿ 58,000ಕ್ಕೂ ಜಾಸ್ತಿ ರೋಗಿಗಳ ಐಸಿಸ್-4 ಪ್ರಯೋಗ ಬಂತು, ಪ್ರಯೋಜನ ಕಾಣಲಿಲ್ಲ.

ಇನ್ನು ಸಾಫ್ಟ್‌ವೇರ್. ಆರ್ (R) ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ ವೋಲ್ಫ್‌ಗಾಂಗ್ ವೀಕ್ಟ್‌ಬೌವರ್ ಬರೆದ ಮೆಟಾಫಾರ್ (metafor) ಪ್ಯಾಕೇಜ್ ಹಾಕಿದರೆ ಈ ಬಿಸಿಜಿ ಡೇಟಾನೂ ಜೊತೆಗೇ ಸಿಗುತ್ತದೆ. ಗಣಿತ ಎಷ್ಟು ಬರಬೇಕು ಅನ್ನುವವರಿಗೆ, ಶುರುವಿಗೆ ಭಾಗಾಕಾರ ಮತ್ತು ಲಾಗ್ ಸಾಕು.

ಮದನಪಲ್ಲಿಯ ಸಾಲನ್ನು ಬೇಕಂತಲೇ ನಿಮಗೆ ಬಿಟ್ಟಿದ್ದೇನೆ. ಲಸಿಕೆ ಹಾಕಿದ 5,069 ಜನರಲ್ಲಿ 33, ಹಾಕದ 5,808 ಜನರಲ್ಲಿ 47. ಇವತ್ತೇ ಕೂತು ಮಾಡಿ. ರೇಶಿಯೋ 0.80, ವೇರಿಯನ್ಸ್ 0.051 ಬರಬೇಕು. ಬರದಿದ್ದರೆ ಹಾಳೆ ತಗೊಂಡು ನನ್ನ ಹತ್ತಿರ ಬನ್ನಿ.