ಹಗ್ಗ ಅವರ ಕೈಯಲ್ಲೇ ಇತ್ತು

ನ್ಯೂಯಾರ್ಕ್ ನಗರದಿಂದ ಹಡ್ಸನ್ ನದಿಯ ಪಕ್ಕದಲ್ಲೇ ಉತ್ತರಕ್ಕೆ ಹೋದರೆ ಹೈಡ್ ಪಾರ್ಕ್ ಅಂತ ಒಂದು ಊರು. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹುಟ್ಟಿ ಬೆಳೆದ ಮನೆ ಅಲ್ಲಿದೆ. ಸ್ಪ್ರಿಂಗ್‌ವುಡ್ ಅಂತ ಹೆಸರು. 1946ರಿಂದ ಜನ ಬಂದು ನೋಡುತ್ತಿದ್ದಾರೆ. ಅಕ್ಕ ಊರಿಂದ ಬಂದಾಗ ನಯಾಗರಾಗಿಂತ ಮೊದಲು ಇಲ್ಲಿಗೇ ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೆ. ರೂಸ್‌ವೆಲ್ಟ್‌ಗೆ 1921ರಲ್ಲಿ, 39ನೇ ವಯಸ್ಸಿನಲ್ಲಿ, ಪೋಲಿಯೊ ಬಂದು ಕಾಲುಗಳ ಶಕ್ತಿ ಹೋಯಿತು. ಅಕ್ಕನಿಗೂ ಅದೇ ಕಾಯಿಲೆ, ಇನ್ನೂ ಮಗುವಾಗಿದ್ದಾಗಲೇ. ನಮ್ಮ ಹಳ್ಳಿಗೆ ಪೋಲಿಯೊ ಹನಿ ಬರುವ ಎಷ್ಟೋ ವರ್ಷ ಮೊದಲಿನ ಮಾತು.

ಅಕ್ಕ ಇತಿಹಾಸದ ಟೀಚರ್ ಆಗಿದ್ದವಳು. ಹಳೇ ಮನೆಗಳೆಂದರೆ ಪ್ರಾಣ. ಆದರೆ ಊರ ಕಡೆ ಮ್ಯೂಸಿಯಂ ಮಾಡಿಟ್ಟಿರುವ ಇಂಥ ಮನೆಗಳಿಗೆ ಹೋದಾಗಲೆಲ್ಲ ಅವಳದ್ದು ಒಂದೇ ಮಾತು: "ನೀವು ನೋಡ್ಕೊಂಡು ಬನ್ನಿ, ನಾನಿಲ್ಲೇ ಗಾಳಿಗೆ ಕೂತಿರ್ತೀನಿ." ಗೇಣೆತ್ತರದ ಹೊಸ್ತಿಲು, ಕಡಿದಾದ ಮರದ ಮೆಟ್ಟಿಲು. ಒಂದು ಕಡೆಯಂತೂ "ನಾಲ್ಕು ಜನ ಸೇರಿ ಎತ್ತಿಬಿಡ್ತೀವಿ ಮೇಡಂ" ಅಂದರು. ಅಕ್ಕನಿಗೆ ಯಾರಾದರೂ ಎತ್ತುವುದು ಸುತರಾಂ ಆಗದು. ಒಂದು ಹಲಗೆ ಹಾಕಬಹುದಲ್ವಾ ಅಂತ ನಾನು ಕೇಳಿದೆ. "ಹಳೇ ಮನೆ ಸಾರ್, ಏನಾದ್ರೂ ಸೇರಿಸಿದ್ರೆ ಅಂದ ಕೆಡುತ್ತೆ" ಅನ್ನುವ ಉತ್ತರ ಬಂತು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಸ್ಪ್ರಿಂಗ್‌ವುಡ್‌ನಲ್ಲಿ ಅಕ್ಕ ಜಾಸ್ತಿ ಹೊತ್ತು ನೋಡಿದ್ದು ಅಲ್ಲಿನ ಲಿಫ್ಟನ್ನು. ಮೊದಲು ಅದಿದ್ದದ್ದು ಪೆಟ್ಟಿಗೆ, ಟ್ರಂಕು ಮೇಲಕ್ಕೆ ಸಾಗಿಸುವುದಕ್ಕೆ. ಒಬ್ಬರು ವೀಲ್‌ಚೇರ್‌ನಲ್ಲಿ ಕೂತರೆ ತುಂಬಿತು, ಅಷ್ಟು ಸಣ್ಣದು. ಕರೆಂಟಿಲ್ಲ. ರೂಸ್‌ವೆಲ್ಟ್ ಒಳಗೆ ಕೂತು, ಹಗ್ಗ ಜಗ್ಗಿ, ತಮ್ಮ ತೋಳಬಲದಿಂದಲೇ ಮಹಡಿಗೆ ಏರುತ್ತಿದ್ದರು. ಅವರಿಗೆ ಬೆಂಕಿಯ ಭಯ ಬಹಳ. ಬೆಂಕಿ ಬಿದ್ದಾಗ ಕರೆಂಟ್ ಹೋದರೆ ಒಳಗೇ ಸಿಕ್ಕಿಬೀಳುತ್ತೇನೆ ಅನ್ನುವ ಯೋಚನೆ. ಅಕ್ಕ ಆ ಹಗ್ಗವನ್ನೇ ದಿಟ್ಟಿಸಿ ನೋಡಿ, "ಹಗ್ಗ ಅವರ ಕೈಯಲ್ಲೇ ಇತ್ತು ನೋಡೋ" ಅಂದಳು.

ಅವರ ವೀಲ್‌ಚೇರ್ ಕೂಡ ಹಾಗೇ. ಸಾದಾ ಮರದ ಕುರ್ಚಿಯ ಕಾಲು ತೆಗೆಸಿ ಚಕ್ರ ಕೂರಿಸಿಕೊಂಡದ್ದು. ಕೈ ಇಡುವ ಹಿಡಿಗಳೂ ಇಲ್ಲ. ಹಿಡಿ ಇಲ್ಲದಿದ್ದರೆ ಸೋಫಾಗೆ ಜರುಗುವುದು ಸುಲಭ, ಕಿರಿದಾಗಿದ್ದರೆ ಹಳೇ ಬಾಗಿಲಲ್ಲೂ ತೂರುತ್ತದೆ ಅಂತ ಅಕ್ಕನೇ ನನಗೆ ವಿವರಿಸಿದಳು. ಮೆಟ್ಟಿಲು ಅಡ್ಡ ಬಂದಲ್ಲಿ ಇಳಿಜಾರು ಹಾಕಿಸಿಕೊಂಡಿದ್ದರು. ಅಂದರೆ ಆ ಇಳಿಜಾರುಗಳೂ ಮನೆಯ ಇತಿಹಾಸವೇ. ಅಂದ ಕೆಡುತ್ತದೆ ಅನ್ನುವವರು ಇದನ್ನೊಮ್ಮೆ ನೋಡಬೇಕು.

ಹೊರಗೆ ಮಾತ್ರ ರೂಸ್‌ವೆಲ್ಟ್ ತಮ್ಮ ಕಾಲಿನ ಸ್ಥಿತಿ ಆದಷ್ಟೂ ಕಾಣದಂತೆ ನೋಡಿಕೊಂಡರು. ಕಾಲಿನ ಉಕ್ಕಿನ ಪಟ್ಟಿಗಳಿಗೆ ಕಪ್ಪು ಬಣ್ಣ ಬಳಿಸುತ್ತಿದ್ದರು. ವೀಲ್‌ಚೇರ್‌ನಲ್ಲಿ ಕೂತ ಫೋಟೋಗಳು ಬೆರಳೆಣಿಕೆಯಷ್ಟು. ಇದನ್ನು ಕೇಳುತ್ತಾ ಅಕ್ಕ ಸುಮ್ಮನೆ ತಲೆಯಾಡಿಸಿದಳು. ಕಾಲಿಗೆ ಕಟ್ಟುವ ಅಂಥದ್ದೇ ಪಟ್ಟಿ, ಕ್ಯಾಲಿಪರ್, ಕಾಣಬಾರದು ಅಂತ ಸೀರೆಯನ್ನು ನೆಲಕ್ಕೆ ತಾಗುವಂತೆ ಉಟ್ಟೇ ಅವಳು ಇಷ್ಟು ವರ್ಷ ಪಾಠ ಮಾಡಿದ್ದು.

ಮಹಡಿಗೆ ಅಕ್ಕ ಬರಲಾಗಲಿಲ್ಲ. ಆ ಲಿಫ್ಟ್ ಈಗ ನೋಡುವ ವಸ್ತು, ನೋಡುಗರಿಗೆ ಮೆಟ್ಟಿಲೇ ಗತಿ. ಟಿಕೆಟ್ ತೆಗೆದುಕೊಳ್ಳುವಾಗಲೇ ಗೊತ್ತಾಗಿತ್ತು. ಆದರೂ ಅವಳನ್ನು ಕೆಳಗೆ ಬಿಟ್ಟು ಹತ್ತುವಾಗ ನನಗೆ ಸಂಕಟವಾಯಿತು. ರೂಸ್‌ವೆಲ್ಟ್ ಮಲಗುತ್ತಿದ್ದ ಕೋಣೆ, ಅವರ ನಾಯಿ ಫಾಲಾದ ಕುರ್ಚಿ, ಅದರ ಮೇಲಿನ ಬೆಲ್ಟು, ಎಲ್ಲದರ ಫೋಟೋ ತೆಗೆದು ತಂದು ತೋರಿಸಿದೆ. ಪಕ್ಕದ ಲೈಬ್ರರಿಯ ಮ್ಯೂಸಿಯಂನಲ್ಲಿ ಅವರ 1936ರ ಫೋರ್ಡ್ ಕಾರಿದೆ. ಬ್ರೇಕು, ಕ್ಲಚ್ಚು ಎಲ್ಲ ಕೈಯಲ್ಲೇ ನಡೆಸುವಂತೆ ಮಾಡಿಸಿಕೊಂಡದ್ದು. "ನನ್ನ ಸ್ಕೂಟರ್ ಥರಾನೇ!" ಅಂದಳು ಅಕ್ಕ. ಹಿಂದೆ ಎರಡು ಚಕ್ರ ಸೇರಿಸಿದ ಅವಳ ಸ್ಕೂಟರ್ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು.

ಮಧ್ಯಾಹ್ನ ಬಸ್ಸಿನಲ್ಲಿ ಟಾಪ್ ಕಾಟೇಜ್‌ಗೆ ಹೋದೆವು. ಗುಡ್ಡದ ಮೇಲಿನ ಕಲ್ಲಿನ ಮನೆ. ಆರ್ಕಿಟೆಕ್ಟ್ ಹೆನ್ರಿ ಟೂಂಬ್ಸ್ ಜೊತೆ ಸೇರಿ ರೂಸ್‌ವೆಲ್ಟ್ ತಾವೇ ರೂಪಿಸಿ 1938ರಲ್ಲಿ ಕಟ್ಟಲು ಶುರುಮಾಡಿದ್ದು. ವೀಲ್‌ಚೇರ್‌ನಲ್ಲಿ ಕೂತ ಮನುಷ್ಯ ತನಗಾಗಿ ಮನೆ ಕಟ್ಟಿಕೊಂಡರೆ ಹೇಗಿರುತ್ತದೆ ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಬಾಗಿಲಿಗೆ ಹೊಸ್ತಿಲಿಲ್ಲ. ಕೂತಲ್ಲಿಂದಲೇ ಹೊರಗೆ ಕಾಣುವಷ್ಟು ತಗ್ಗಿನಲ್ಲಿ ಕಿಟಕಿ. ಜಗುಲಿಯಿಂದ ಹುಲ್ಲಿಗೆ ಇಳಿಯಲು ಮೆಟ್ಟಿಲ ಬದಲು ಮಣ್ಣಿನ ಇಳಿಜಾರು. 1939ರ ಜೂನ್‌ನಲ್ಲಿ ಇಂಗ್ಲೆಂಡಿನ ರಾಜ ಆರನೇ ಜಾರ್ಜ್ ಮತ್ತು ರಾಣಿಗೆ ಹಾಟ್ ಡಾಗ್ ತಿನ್ನಿಸಿದ್ದು ಇಲ್ಲೇ. ನಾನು ಅಕ್ಕನ ವೀಲ್‌ಚೇರ್ ತಳ್ಳಲು ಹೋದೆ. ಅಕ್ಕ "ಬಿಡೋ" ಅಂದು ಕೋಣೆಯಿಂದ ಜಗುಲಿಗೆ, ಜಗುಲಿಯಿಂದ ಮತ್ತೆ ಒಳಕ್ಕೆ, ತಾನೇ ಓಡಾಡಿದಳು. ಯಾರಿಗೂ ಕಾಯದೆ, ಯಾರನ್ನೂ ಕೇಳದೆ.

ವಾಪಸ್ ಬರುವಾಗ ಕಾರಿನಲ್ಲೇ ಪತ್ರ ಬರೆಸಿದಳು, ಊರಿನ ಆ ಹಳೇ ಮನೆಯವರಿಗೆ. ಗೋಡೆ ಒಡೆಯಿರಿ ಅಂತ ಎಲ್ಲೂ ಇಲ್ಲ. ಬೇಕಾದಾಗ ಹಾಕಿ ತೆಗೆಯುವ ಮರದ ಹಲಗೆ ಸಾಕು. ಎತ್ತರ ಒಂದಾದರೆ ಉದ್ದ ಹನ್ನೆರಡು ಇರಬೇಕು. ಹೊಸ್ತಿಲು ಅರ್ಧ ಅಡಿ ಇದ್ದರೆ ಹಲಗೆ ಆರಡಿ. ಎಷ್ಟು ಮೆಟ್ಟಿಲಿದೆ, ಬಾಗಿಲು ಎಷ್ಟು ಅಗಲ, ಶೌಚಾಲಯಕ್ಕೆ ಕುರ್ಚಿ ಹೋಗುತ್ತಾ ಅನ್ನುವುದನ್ನು ಬಾಗಿಲಲ್ಲೇ ಬರೆದು ಹಾಕಿ. ಮಹಡಿಯ ಕೋಣೆಗಳ ಫೋಟೋ ಆಲ್ಬಂ ಒಂದು ಕೆಳಗಿರಲಿ. ಇದು ದಯೆಯ ವಿಷಯವಲ್ಲ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ ಅಂತ ಕೊನೆಗೆ ಸೇರಿಸಿದಳು.

ಉತ್ತರ ಇನ್ನೂ ಬಂದಿಲ್ಲ. ದಸರಾ ರಜೆಯಲ್ಲಿ ಮೊಮ್ಮಕ್ಕಳ ಜೊತೆ ಅಲ್ಲಿಗೆ ಹೋಗುವುದು ಅಂತ ಅಕ್ಕ ಆಗಲೇ ಹೇಳಿಬಿಟ್ಟಿದ್ದಾಳೆ. ನಮ್ಮೂರ ಬಡಗಿ ಹಲಗೆಯ ಅಳತೆ ಕೇಳಿದ್ದಾನೆ.