ದ್ವೇಷ ಇಲ್ಲದೆ ಪಕ್ಷಪಾತ ಬರುತ್ತಾ?

ನಾನು ಪಿಯು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಮಕ್ಕಳು, ಅವರ ಅಪ್ಪ ಅಮ್ಮ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು, ಎಲ್ಲರೂ ಕೇಳುವುದು ಒಂದೇ: "ಬೇರೆಯವರ ಮೇಲೆ ನಮಗೇನೂ ದ್ವೇಷ ಇಲ್ಲ. ಸುಮ್ನೆ ನಮ್ಮವರು ಅಂತ ಸ್ವಲ್ಪ ಜಾಸ್ತಿ ಮಾಡ್ತೀವಿ. ತಪ್ಪೇನು ಮೇಡಂ?"

ದ್ವೇಷ ಇಲ್ಲ ಅನ್ನುವುದನ್ನು ನಾನು ನಂಬುತ್ತೇನೆ. ಪಕ್ಷಪಾತಕ್ಕೆ ಅದು ಬೇಕಾಗಿಯೇ ಇಲ್ಲ.

ಇದನ್ನು ತೋರಿಸಿಕೊಟ್ಟವರು ಮನಃಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಸೈನಿಕರಾಗಿ ಜರ್ಮನರ ಕೈಗೆ ಸಿಕ್ಕಿಬಿದ್ದವರು. ಪೋಲೆಂಡಿನವರು ಅಂತ ಗೊತ್ತಾಗದ್ದಕ್ಕೆ ಜೀವ ಉಳಿಯಿತು. ಊರಲ್ಲಿದ್ದ ಮನೆಯವರು ಉಳಿಯಲಿಲ್ಲ.

1970ರಲ್ಲಿ ಪ್ರಕಟವಾದ ಅವರ ಪ್ರಯೋಗ ನಡೆದದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. 14–15 ವರ್ಷದ ಶಾಲೆ ಹುಡುಗರಿಗೆ ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರ ತೋರಿಸಿ ಯಾವುದು ಇಷ್ಟ ಅಂತ ಕೇಳಿದರು. ಆಮೇಲೆ ನೀನು ಕ್ಲೀ ಗುಂಪು, ನೀನು ಕ್ಯಾಂಡಿನ್‌ಸ್ಕಿ ಗುಂಪು ಎಂದರು. ನಿಜಕ್ಕೂ ಹಂಚಿದ್ದು ಮನಸ್ಸಿಗೆ ಬಂದ ಹಾಗೆ, ಇಷ್ಟಕ್ಕೂ ಗುಂಪಿಗೂ ಸಂಬಂಧವೇ ಇಲ್ಲ. ನಂತರ ಒಬ್ಬೊಬ್ಬನೇ ಕೂತು ಬೇರೆ ಇಬ್ಬರಿಗೆ ಚಿಲ್ಲರೆ ದುಡ್ಡು ಹಂಚಬೇಕು. ಅವರು ಯಾರು ಅಂತ ಗೊತ್ತಿಲ್ಲ, ಯಾವ ಗುಂಪು ಅನ್ನುವುದಷ್ಟೇ ಗೊತ್ತು. ತನಗೆ ಒಂದು ಪೈಸೆಯೂ ಇಲ್ಲ.

ಮನಸ್ಸಿಗೆ ಬಂದಷ್ಟು ಕೊಡುವ ಹಾಗಿಲ್ಲ, ಮುಂದಿಟ್ಟ ಜೋಡಿ ಅಂಕಿಗಳ ಸಾಲಿನಲ್ಲಿ ಒಂದು ಜೋಡಿಯನ್ನು ಆರಿಸಬೇಕು. ಅಂಥ ಒಂದು ಸಾಲು ನೋಡಿ. ಒಂದು ತುದಿಯಲ್ಲಿ ನಮ್ಮ ಗುಂಪಿನವನಿಗೆ 19, ಆ ಕಡೆಯವನಿಗೆ 25. ನಡುವೆ ಇಬ್ಬರಿಗೂ 13. ಇನ್ನೊಂದು ತುದಿಯಲ್ಲಿ ನಮ್ಮವನಿಗೆ 7, ಅವನಿಗೆ 1. ನಮ್ಮವರು ಅನ್ನುವ ಪ್ರೀತಿ ಮಾತ್ರ ಇದ್ದಿದ್ದರೆ 19 ಕೊಡಬೇಕಿತ್ತು, ಅಲ್ವಾ? ಹುಡುಗರು ವಾಲಿದ್ದು 7ರ ಕಡೆಗೆ. ಸಮ ಹಂಚಬೇಕು ಅನ್ನುವ ಮನಸ್ಸೂ ಅವರಲ್ಲಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ನಮ್ಮವನಿಗೆ ಕಮ್ಮಿಯಾದರೂ ಪರವಾಗಿಲ್ಲ, ಅವನಿಗಿಂತ ಮೇಲಿರಲಿ ಅನ್ನುವ ಎಳೆತ ಗಟ್ಟಿಯಾಗಿತ್ತು. ಜಗಳ ಇಲ್ಲ, ಹಳೇ ಹಗೆ ಇಲ್ಲ, ಬರೀ ಒಂದು ಹೆಸರು.

ಅದಕ್ಕೇ "ಸ್ವಲ್ಪ ಜಾಸ್ತಿ" ಅಂದಾಗ ನನಗೆ ಭಯ. ಕೇಳಿದವರಿಗೆ ಈ ಮೂರು ಜೋಡಿ ಅಂಕಿಗಳನ್ನು ಬರೆದು ಕೊಡುತ್ತೇನೆ. ಹೆಚ್ಚಿನವರು ತಟ್ಟನೆ 13 ಅನ್ನುತ್ತಾರೆ. ಆಮೇಲೆ ಕ್ಲೀ, ಕ್ಯಾಂಡಿನ್‌ಸ್ಕಿ ಹೊಡೆದುಹಾಕಿ ಅಲ್ಲಿ ಅವರ ಊರು, ಪಕ್ಕದೂರಿನ ಹೆಸರು ಬರೆದು ಇನ್ನೊಮ್ಮೆ ಕೇಳುತ್ತೇನೆ. ಈ ಸಲ ಉತ್ತರ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ.