ಹಳೇ ಲ್ಯಾಪ್‌ಟಾಪ್ ಸಾಗಹಾಕುವ ಮುನ್ನ

ಕೊಡುವ ಮುಂಚೆ ಎಲ್ಲರೂ ಫಾರ್ಮ್ಯಾಟ್ ಮಾಡುತ್ತಾರೆ, ಅಷ್ಟು ಸಾಲದು. ಹಾರ್ಡ್ ಡಿಸ್ಕ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಫೈಲ್‌ಗಳ ಪಟ್ಟಿಯನ್ನು ಮಾತ್ರ. ಫೈಲ್‌ಗಳು ಅಲ್ಲೇ ಇರುತ್ತವೆ, ರಿಕವರಿ ಸಾಫ್ಟ್‌ವೇರ್ ಇದ್ದವರಿಗೆ ಸಲೀಸಾಗಿ ಸಿಗುತ್ತವೆ. ಹಳೆಯದು ಅಳಿಯುವಂತೆ ಸಾಫ್ಟ್‌ವೇರ್‌ನಿಂದ ಇಡೀ ಡಿಸ್ಕ್ ಮೇಲೆ ಒಂದು ಸಲ ಸೊನ್ನೆ ಬರೆಸಿದರೆ ಸಾಕು. ತಿರುಗುವ ಡಿಸ್ಕ್ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಗೆ ಮಾತ್ರ ಈ ಉಪಾಯ ನಂಬುವಂಥದ್ದಲ್ಲ. ಒಂದೇ ಜಾಗ ಬೇಗ ಸವೆಯದಿರಲೆಂದು ಅದರ ಕಂಟ್ರೋಲರ್ ಚಿಪ್ ಹೊಸ ಡೇಟಾವನ್ನು ಬೇರೆ ಜಾಗದಲ್ಲಿ ಬರೆಯುವುದರಿಂದ ಹಳೆಯದು ಎಲ್ಲೋ ಉಳಿದುಬಿಡಬಹುದು. ಎಸ್‌ಎಸ್‌ಡಿ ತಯಾರಕರ ಟೂಲ್‌ನಲ್ಲಿರುವ, ಇಡೀ ಡ್ರೈವ್ ಅಳಿಸುವ ಸೆಕ್ಯೂರ್ ಎರೇಸ್ ಬಳಸಿ.

ಡೇಟಾಗಿಂತ ನನಗೆ ಹೆಚ್ಚು ಚಿಂತೆ ಬ್ಯಾಟರಿಯದು. ಟಚ್‌ಪ್ಯಾಡ್ ಉಬ್ಬಿದ್ದರೆ, ತಳದ ಮುಚ್ಚಳ ಬಾಯಿ ಬಿಟ್ಟಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ ಎಂದೇ ತಿಳಿಯಿರಿ. ಚಾರ್ಜ್‌ಗೆ ಹಾಕಬೇಡಿ, ಒತ್ತಿ ಕೂರಿಸಬೇಡಿ, ಗಾಳಿ ಬಿಡಲೆಂದು ಚುಚ್ಚಲೇಬೇಡಿ. ತೂತಾದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ, ಶಾರ್ಟ್ ಆಗಿ ಬೆಂಕಿ ಹತ್ತುತ್ತದೆ. ಬಿಡಿ ಲಿಥಿಯಂ ಸೆಲ್‌ಗಳ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಒಂದೊಂದನ್ನೂ ಬೇರೆ ಪ್ಲಾಸ್ಟಿಕ್ ಚೀಲದಲ್ಲಿಡಿ. ಮದರ್‌ಬೋರ್ಡ್‌ನಿಂದ ತೆಗೆದ ಬಟನ್ ಸೆಲ್ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ 2 ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು.

ಲ್ಯಾಪ್‌ಟಾಪ್ ಜೊತೆ ಮನೆಯ ಬೇರೆ ಇ-ತ್ಯಾಜ್ಯಕ್ಕೂ ಎಚ್ಚರ ಬೇಕು. ಒಳಗೆ ಪಾದರಸವಿರುವ ಸಿಎಫ್‌ಎಲ್ ಬಲ್ಬ್ ಒಡೆದರೆ ಕಿಟಕಿ ತೆರೆದು 10 ನಿಮಿಷ ಹೊರಗಿರಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಬೇಡ, ಪಾದರಸ ಹರಡುತ್ತದೆ. ಚೂರುಗಳನ್ನು ರಟ್ಟಿನಿಂದ ಬಾಚಿ, ಪುಡಿಯನ್ನು ಟೇಪಿಗೆ ಅಂಟಿಸಿ ಎತ್ತಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ.

ಹಳೇ ಪಿಕ್ಚರ್ ಟ್ಯೂಬ್ ಟಿವಿ, ಮಾನಿಟರ್‌ಗಳನ್ನು ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಹೈ ವೋಲ್ಟೇಜ್ ಉಳಿದಿರಬಹುದು, ಗಾಜಿನಲ್ಲಿ ಸೀಸವಿದೆ. ಇಡಿಯಾಗಿಯೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.